ಈರಕ್ಕನ ಹೆಸರಿನ ಡಬ್ಬಿ

ದುರ್ಗಮ್ಮನ ಅಡುಗೆಮನೆಯಲ್ಲಿ ಈಗ ಎರಡು ತಟ್ಟೆ, ಎರಡು ಲೋಟ, ಒಂದು ಕುಕ್ಕರು, ಮುದ್ದೆ ಮಾಡುವ ಒಂದು ಪಾತ್ರೆ, ಒಂದು ಬಾಣಲೆ, ಒಂದು ಹೆಂಚು ಬಿಟ್ಟರೆ ಬೇರೆ ಸಾಮಾನಿರಲಿಲ್ಲ. ಇವುಗಳ ನಡುವೆ ಕರೆಯದೆ ಬಂದ ನೆಂಟನ ಹಾಗೆ ಒಂದು ಸ್ಟೀಲಿನ ಡಬ್ಬಿ ಕೂತಿತ್ತು. ಅದನ್ನು ಕಂಡರೆ ಸಾಕು, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಇನ್ನೇನು? ಹತ್ತೊಂಬತ್ತು ವರ್ಷ ಅಜ್ಜಂಪುರದ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸಿದವಳು ಅವಳು. ದಿನಾ ನೂರಾ ನಲವತ್ತು ಮಕ್ಕಳಿಗೆ ಅನ್ನ, ಸಾಂಬಾರು. ಸೌಟು ತಿರುವಿ ತಿರುವಿ ಬಲಗಡೆ ಭುಜ ಮೇಲಕ್ಕೇ ಏಳದಂತಾಗಿತ್ತು. ಅರವತ್ತು ತುಂಬಿತು ಎಂದು ಮೊನ್ನೆ ಮಾರ್ಚಿನಲ್ಲಿ ಕೆಲಸ ಬಿಡಿಸಿದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಾರ ಹಾಕಿ, ಕೈಗೆ ಏನು ಕೊಟ್ಟರು ಅಂತೀರಿ? ದೊಡ್ಡದೊಂದು ಸ್ಟೀಲಿನ ಪಾತ್ರೆ. ಜೀವಮಾನವೆಲ್ಲ ಪಾತ್ರೆ ಉಜ್ಜಿದವಳಿಗೆ ಉಜ್ಜಲು ಇನ್ನೊಂದು. ಅಲ್ಲಿ ನಗುತ್ತ ತೆಗೆದುಕೊಂಡಳು. ಮನೆಗೆ ಬಂದು ಅದನ್ನು ಅಟ್ಟಕ್ಕೆ ಎಸೆದ ಸದ್ದಿಗೆ, ಮಧ್ಯಾಹ್ನದ ನಿದ್ದೆಯಲ್ಲಿದ್ದ ಗಂಡ ಮಂಜಪ್ಪ ಎದ್ದು ಕೂತ.

ಅದೇ ವಾರ ಮಗಳು ಭೂಮಿಕಾ ಫೋನಿಗೆ ಒಂದು ವಿಡಿಯೊ ಕಳಿಸಿದಳು. ಭೂಮಿಕಾ ತರೀಕೆರೆಯಲ್ಲಿ ಗಂಡನ ಜೊತೆ ಜೆರಾಕ್ಸ್ ಅಂಗಡಿ ನಡೆಸುತ್ತಾಳೆ. ವಿಡಿಯೊದಲ್ಲಿ ಬಿಳಿ ಸೀರೆಯ ಹೆಂಗಸೊಬ್ಬಳು ಮೆಲ್ಲಗೆ ಮಾತಾಡುತ್ತಿದ್ದಳು. ಮನೆಯಲ್ಲಿ ಸರಳವಾಗಿ ಬದುಕಲು ದೊಡ್ಡ ವ್ರತವೇನೂ ಬೇಕಾಗಿಲ್ಲವಂತೆ, ಸಣ್ಣಪುಟ್ಟ ಅಭ್ಯಾಸಗಳು ಸಾಕಂತೆ. ದಿನಕ್ಕೊಂದು ಬೇಡದ ಸಾಮಾನು ಆಚೆ ಕಳಿಸಿ. ಉಂಡ ತಟ್ಟೆ ಆಗಲೇ ತೊಳೆದಿಡಿ. ಒಂದೇ ಸಾರು ಮಾಡಿ, ಅದನ್ನೇ ಎರಡು ಹೊತ್ತು ಉಣ್ಣಿ. ಸಂಜೆ ಅರ್ಧ ಗಂಟೆ ಏನೂ ಮಾಡದೆ ಸುಮ್ಮನೆ ಕೂತಿರಿ. ದುರ್ಗಮ್ಮ ಅದನ್ನು ಮೂರು ಸಲ ನೋಡಿದಳು. ಮೂರನೇ ಸಲ ಕಣ್ಣಲ್ಲಿ ನೀರು ಬಂತು. ಅರವತ್ತು ವರ್ಷದಲ್ಲಿ ಅವಳಿಗೆ ಇಷ್ಟು ಸಾಕು ಎಂದು ಹೇಳಿದವರು ಒಬ್ಬರೂ ಇರಲಿಲ್ಲ.

ಮರುದಿನದಿಂದಲೇ ಸೆರಗು ಕಟ್ಟಿ ನಿಂತಳು. ಪಾತ್ರೆಗಳು ಹೋದವು, ಕೊಪ್ಪರಿಗೆ ಹೋಯಿತು, ಮೂರು ವರ್ಷದಿಂದ ಕೆಟ್ಟು ಕೂತಿದ್ದ ಮಿಕ್ಸಿ ಹೋಯಿತು, ಬೀಳ್ಕೊಡುಗೆಯ ಪಾತ್ರೆಯಂತೂ ಎಲ್ಲಕ್ಕಿಂತ ಮೊದಲು ಹೋಯಿತು. ಎಲ್ಲವನ್ನೂ ಊರಿನ ಮಹಿಳಾ ಸಂಘದ ಹೆಂಗಸರು ಖುಷಿಯಾಗಿ ಹೊತ್ತುಕೊಂಡು ಹೋದರು. ಮಂಜಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ರಿಟೈರ್ ಆದವನು. ಹಳಿಯ ಮೇಲೆ ರೈಲು ಬರುವುದನ್ನು ದೂರದಿಂದಲೇ ಗುರುತಿಸುತ್ತಿದ್ದವನಿಗೆ, ತನ್ನ ಲೋಟದ ಕಡೆಗೆ ಬರುತ್ತಿದ್ದ ಹೆಂಡತಿಯ ಕೈ ಕಾಣದೆ ಇರುತ್ತದೆಯೇ?

“ಲೇ, ಯಾರಾದ್ರೂ ಮನೆಗೆ ಬಂದ್ರೆ ಟೀ ಯಾವುದ್ರಾಗೆ ಕೊಡ್ತೀಯ?” ಎಂದ.

“ಬಂದೋರು ನೀರು ಕುಡ್ಕೊಂಡು ಹೋಗ್ಲಿ.”

“ನೀರಿಗೂ ಲೋಟ ಬೇಕಲ್ಲೇ.”

ಆ ಸಂಜೆ ಮಂಜಪ್ಪ ಮೂರನೇ ಲೋಟವೊಂದನ್ನು ಪಂಚೆಯಲ್ಲಿ ಸುತ್ತಿ ತನ್ನ ಮೊಪೆಡ್ಡಿನ ಡಬ್ಬದಲ್ಲಿ ಬಚ್ಚಿಟ್ಟ. ದುರ್ಗಮ್ಮ ನೋಡಿಯೂ ನೋಡದವಳ ಹಾಗೆ ಇದ್ದಳು.

ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಹಾಯೆನಿಸಿತ್ತು. ಕಟ್ಟೆ ಒರೆಸಲು ಎರಡೇ ನಿಮಿಷ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಮುದ್ದೆ ಸಾರು, ರಾತ್ರಿ ಅದೇ ಸಾರಿಗೆ ಅನ್ನ. ಮದುವೆಯಾದ ಮೇಲೆ ಮೊದಲ ಸಲ ಮಧ್ಯಾಹ್ನ ಕಾಲು ಚಾಚಿ ಮಲಗಿದಳು. ಸಂಜೆ ಜಗುಲಿಯ ಮೇಲೆ ಏನೂ ಮಾಡದೆ ಕೂತರೆ, ಶುರುವಿನಲ್ಲಿ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಆಮೇಲಾಮೇಲೆ ಅದೂ ರೂಢಿಯಾಯಿತು. ಎಲ್ಲ ಸರಿಹೋಗಿತ್ತು, ಈ ಹಾಳು ಡಬ್ಬಿಯೊಂದು ಬಿಟ್ಟು.

ಡಬ್ಬಿ ಬರುತ್ತಿದ್ದುದು ಎದುರು ಮನೆಯ ಕಾಶಮ್ಮನಿಂದ. ಕಾಶಮ್ಮ ಏನಾದರೂ ವಿಶೇಷ ಮಾಡಿದರೆ ಡಬ್ಬಿಗೆ ಹಾಕಿ ತರುತ್ತಾಳೆ. ದುರ್ಗಮ್ಮ ಖಾಲಿ ಮಾಡಿಕೊಂಡು, ತೊಳೆದು, ತಾನೇನಾದರೂ ಹಾಕಿ ವಾಪಸು ಕೊಡಬೇಕು. ಆ ಬೀದಿಯಲ್ಲಿ ಡಬ್ಬಿಯನ್ನು ಖಾಲಿ ಕೊಡುವುದೆಂದರೆ ಆಗದ ಮಾತು. ಸೂತಕದ ಮನೆಯಿಂದ ಮಾತ್ರ ಡಬ್ಬಿ ಖಾಲಿ ಬರುತ್ತದೆ. ಸರಿ, ಇವಳು ಚಿತ್ರಾನ್ನ ಹಾಕಿ ಕೊಟ್ಟರೆ ಅದು ಒಬ್ಬಟ್ಟು ತುಂಬಿಕೊಂಡು ಬರುತ್ತದೆ. ಒಬ್ಬಟ್ಟಿಗೆ ಬದಲು ಬರೀ ಉಸಲಿ ಕೊಡಲಾಗುತ್ತದೆಯೇ? ಕರಿಗಡುಬು ಮಾಡಬೇಕು. ಕರಿಗಡುಬಿಗೆ ಕಜ್ಜಾಯ ಬರುತ್ತದೆ. ಒಮ್ಮೆ ಜಾಣತನ ಮಾಡಿ ಎರಡು ಹಿಡಿ ಸಕ್ಕರೆ ಹಾಕಿ ಕೊಟ್ಟಳು, ಅಲ್ಲಿಗೆ ಮುಗಿಯಿತು ಅಂದುಕೊಂಡಳು. ಮೂರನೇ ದಿನಕ್ಕೆ ಆ ಸಕ್ಕರೆಯಲ್ಲೇ ಮಾಡಿದ ರವೆ ಉಂಡೆ ಬಂತು.

ಹೋಗಲಿ, ಆ ಡಬ್ಬಿಯನ್ನು ಒಬ್ಬರು ಇಟ್ಟುಕೊಂಡರೆ ಮುಗಿಯಿತಲ್ಲ ಅನ್ನುತ್ತೀರಿ. ಇಟ್ಟುಕೊಳ್ಳುವುದು ಹೇಗೆ, ಅದು ಯಾರದು ಎಂದೇ ಗೊತ್ತಿಲ್ಲ. ತಳದಲ್ಲಿ ‘ಈರಕ್ಕ, ಚೌಳಹಿರಿಯೂರು’ ಎಂದು ಕೊರೆಸಿದೆ. ಚೌಳಹಿರಿಯೂರಿನಲ್ಲಿ ಇಬ್ಬರಿಗೂ ನೆಂಟರಿಲ್ಲ, ಈರಕ್ಕ ಎನ್ನುವವಳನ್ನು ಇಬ್ಬರೂ ನೋಡಿಲ್ಲ. “ಇದು ನಿಂದಲ್ವೇನೇ?” ಎನ್ನುತ್ತಾಳೆ ಕಾಶಮ್ಮ. “ನಿಮ್ದೇ ಅಲ್ವಾ ಕಾಶಕ್ಕ?” ಎನ್ನುತ್ತಾಳೆ ದುರ್ಗಮ್ಮ. ಮುಚ್ಚಳವೂ ಅದರದ್ದಲ್ಲ, ಬೇರೆ ಯಾವುದರದ್ದೋ. ಅಂಗೈಯಲ್ಲಿ ಗುದ್ದಿ ಹಾಕಬೇಕು, ಚಮಚದ ಹಿಡಿಯಿಂದ ಮೀಟಿ ತೆಗೆಯಬೇಕು.

ಇಷ್ಟು ಸಾಕಾಗಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಕಾಶಮ್ಮನಿಗೆ ಬೇಡ ಎನ್ನುವುದು ದುರ್ಗಮ್ಮನಿಗೆ ಆಗದ ಕೆಲಸ. ಇಪ್ಪತ್ತೆರಡು ವರ್ಷದ ಹಿಂದೆ ಮಂಜಪ್ಪ ಆ ಬೀದಿಯಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿದ. ನಿಮ್ಮದು ಯಾವ ಜಾತಿ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಗೃಹಪ್ರವೇಶದ ದಿನ ಬೀದಿಯವರೆಲ್ಲ ಬಂದರು, ಮನೆ ಚೆನ್ನಾಗಿದೆ ಎಂದರು, ಊಟಕ್ಕೆ ಕರೆದಾಗ ಒಬ್ಬರಿಗೆ ಹೊಟ್ಟೆ ಸರಿಯಿರಲಿಲ್ಲ, ಇನ್ನೊಬ್ಬರಿಗೆ ಉಪವಾಸ. ಮಾಡಿದ ಪಾಯಸ ಹಾಗೇ ಉಳಿಯಿತು. ಮರುದಿನ ಬೆಳಿಗ್ಗೆ ಕಾಶಮ್ಮ ಗೇಟಿನ ಹತ್ತಿರ ಬಂದು, “ನಿನ್ನೆ ಪಾಯಸ ಉಳಿದಿದ್ರೆ ಒಂದ್ ಲೋಟ ಕೊಡಮ್ಮ” ಎಂದಳು. ಕೊಟ್ಟರೆ ಮನೆಯೊಳಗೆ ಒಯ್ಯಲಿಲ್ಲ, ಬೀದಿಯಲ್ಲೇ ನಿಂತು, ನಾಲ್ಕು ಜನ ನೋಡುವ ಹಾಗೆ ಕುಡಿದಳು. ಉಳಿದದ್ದನ್ನು ಒಂದು ಡಬ್ಬಿಗೆ ಹಾಕಿಸಿಕೊಂಡು ಗಂಡ ಈರಭದ್ರಪ್ಪನಿಗೂ ಒಯ್ದಳು. ಆ ಡಬ್ಬಿ ಇದೇ ಇರಬಹುದು, ಇಲ್ಲದೆಯೂ ಇರಬಹುದು. ಅದಾದ ಮೇಲೆ ಬೀದಿಯ ಉಳಿದ ಮನೆಗಳೂ ನಿಧಾನವಾಗಿ ದಾರಿಗೆ ಬಂದವು. ಆದರೆ ಮೊದಲು ಬಂದವಳು ಕಾಶಮ್ಮ. ಅಂಥವಳನ್ನು ಕಳೆದುಕೊಳ್ಳುವುದೆಂದರೆ ದುರ್ಗಮ್ಮನಿಗೆ ಮನೆಯ ಒಂದು ಗೋಡೆ ಕಳೆದುಕೊಂಡ ಹಾಗೆ.

ಈಗ ಡಬ್ಬಿಯಲ್ಲಿ ಬಂದಿದ್ದು ಕಜ್ಜಾಯ. ಗಂಡ ಹೆಂಡತಿ ಇಬ್ಬರೂ ತಿಂದು ಎರಡು ದಿನವಾಗಿತ್ತು. ಕಜ್ಜಾಯಕ್ಕೆ ಏನು ಕೊಡುವುದು? ಬಾಣಲೆ ಚಿಕ್ಕದು, ಭುಜ ನೋವು. ಮಂಗಳವಾರ ಸಂಜೆ ಅದನ್ನೇ ಯೋಚಿಸುತ್ತ ಜಗುಲಿಯ ಮೇಲೆ ಕೂತಿದ್ದಾಗ, ಕಾಶಮ್ಮ ಗೇಟಿನಿಂದಲೇ ಏನೇನೋ ಹೇಳುತ್ತಿದ್ದಳು. ಗುರುವಾರ, ಶಿವಮೊಗ್ಗ, ಇವ್ರಿಗೆ ಹಾರ್ಟಿನ ಟೆಸ್ಟು. ದುರ್ಗಮ್ಮ “ಹೂಂ, ಹೂಂ” ಎಂದಳು. ಕಿವಿ ಅಲ್ಲಿತ್ತು, ತಲೆ ಡಬ್ಬಿಯೊಳಗಿತ್ತು. ಇನ್ನು ಇದು ಸಾಕು, ಗಟ್ಟಿ ಮನಸ್ಸು ಮಾಡಬೇಕು ಎಂದು ಅವಳು ತೀರ್ಮಾನಿಸುತ್ತಿದ್ದುದು ಅದೇ ಗಳಿಗೆಯಲ್ಲಿ.

ಗುರುವಾರ ಬೆಳಗಾಗುವ ಹೊತ್ತಿಗೆ ಡಬ್ಬಿ ತೊಳೆದಳು, ಒರೆಸಿದಳು, ಮುಚ್ಚಳ ಗುದ್ದಿ ಹಾಕಿದಳು. ಹೇಳಬೇಕಾದ ಮಾತನ್ನೂ ಮನಸ್ಸಿನಲ್ಲೇ ಹೊಂದಿಸಿಕೊಂಡಳು: ಇನ್ನು ಮೇಲೆ ಡಬ್ಬಿ ಬೇಡ ಕಾಶಕ್ಕ, ಸುಮ್ಮನೆ ಬಂದು ಕೂತುಕೊಳ್ಳಿ, ಮಾತಾಡೋಣ. ಇದರಲ್ಲಿ ಬೇಜಾರಾಗುವಂಥದ್ದೇನೂ ಇಲ್ಲ ಅನ್ನಿಸಿತು. ಅಷ್ಟರಲ್ಲಿ ತರೀಕೆರೆ ಬಸ್ಸಿಗೆ ಹೊತ್ತಾಗಿತ್ತು, ಮಗಳ ಮನೆಗೆ ಹೋಗುವುದಿತ್ತು. ಎದುರು ಮನೆಯ ಬಾಗಿಲು ತೆರೆದಿತ್ತು, ಬಚ್ಚಲಿನಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಡಬ್ಬಿಯನ್ನು ಜಗುಲಿಯ ಮೇಲಿಟ್ಟು, “ಕಾಶಕ್ಕ, ಡಬ್ಬಿ ಇಟ್ಟಿದೀನಿ. ಬಸ್ಸಿಗೆ ಹೊತ್ತಾಯ್ತು, ಸಾಯಂಕಾಲ ಬಂದು ಮಾತಾಡ್ತೀನಿ” ಎಂದು ಕೂಗಿದಳು.

ಒಳಗಿಂದ ಕಾಶಮ್ಮ, “ಒಳ್ಳೇ ಹೊತ್ತಿಗೆ ತಂದೆ ಕಣೇ, ನೀನ್ ಮರೀತೀಯ ಅಂತಿದ್ದೆ” ಎಂದಳು.

ಏನನ್ನು ಮರೆಯುವುದು ಎಂದು ದುರ್ಗಮ್ಮನಿಗೆ ಹೊಳೆಯಲಿಲ್ಲ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ದೊಡ್ಡದೊಂದು ಭಾರ ಇಳಿಯಿತೆಂದು ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಮಗಳು ಉಳಿಸಿಕೊಂಡಳು, ವಾಪಸು ಬಂದಿದ್ದು ಶನಿವಾರ. ಬಂದವಳಿಗೆ ಮೊದಲು ಕಂಡದ್ದು ತನ್ನ ಜಗುಲಿಯ ಮೇಲೆ ಕೂತಿದ್ದ ಡಬ್ಬಿ. ಮತ್ತೇನು ಕಳಿಸಿದಳೋ ಮಹರಾಯ್ತಿ ಎಂದು ಗೊಣಗುತ್ತಲೇ ಮುಚ್ಚಳ ಮೀಟಿದಳು. ಒಳಗೆ ಏನೂ ಇರಲಿಲ್ಲ. ತೊಳೆದು, ಒರೆಸಿ, ಖಾಲಿ ಇಟ್ಟಿದ್ದರು. ಎದುರು ಮನೆಯ ಬಾಗಿಲು ಮುಚ್ಚಿತ್ತು. ಹಗಲು ಹೊತ್ತಿನಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

ವಿಷಯ ತಿಳಿದಿದ್ದು ಮಂಜಪ್ಪನಿಂದ. ಅವನು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಈರಭದ್ರಪ್ಪನ ಬಾಯಿಂದಲೇ ಕೇಳಿಕೊಂಡು ಬಂದಿದ್ದ.

“ಅವ್ರು ಗುರುವಾರ ಶಿವಮೊಗ್ಗಕ್ಕೆ ಹೊರಟಿದ್ರಂತೆ ಕಣೇ. ದಾರಿಗೆ ನೀನು ಬುತ್ತಿ ಕೊಟ್ಟಿದೀಯ ಅಂತ ಆ ಡಬ್ಬೀನ ಚೀಲಕ್ಕೆ ಹಾಕ್ಕೊಂಡು ಹೋಗಿದಾರೆ. ಖಾಲಿ ಕೊಟ್ಯಾ?”

ದುರ್ಗಮ್ಮ ಬಾಣಲೆ ಹಿಡಿದು ನಿಂತುಬಿಟ್ಟಳು. “ಎತ್ತಿದಾಗ ಗೊತ್ತಾಗ್ಲಿಲ್ವಾ ಖಾಲಿ ಅಂತ?”

“ಆ ಡಬ್ಬೀದೇ ಒಂದು ತೂಕ ಐತೆ. ಅದೂ ಅಲ್ದೆ, ನಿನ್ ಡಬ್ಬಿ ಖಾಲಿ ಇರುತ್ತೆ ಅಂತ ಯಾವನು ಅಂದ್ಕತಾನೆ?”

ಮಂಗಳವಾರದ ಮಾತು ಆಗ ನೆನಪಾಯಿತು. ಗುರುವಾರ, ಶಿವಮೊಗ್ಗ, ಟೆಸ್ಟು, ದಾರಿಗೊಂದಿಷ್ಟು ಬುತ್ತಿ ಕಟ್ಕೊಡ್ತೀಯೇನೇ. “ಹೂಂ” ಎಂದಿದ್ದಳು. ಅದೂ ಎರಡು ಸಲ. ಅವಮಾನವೂ ಆಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ ಮಗಳಿಗೆ ಫೋನು ಮಾಡಿ ಬೈದಳು.

“ಯಾವ ವಿಡಿಯೊನವ್ವ?” ಎಂದಳು ಭೂಮಿಕಾ.

“ಅದೇ, ಸರಳವಾಗಿ ಬದುಕೋದು. ಬಿಳಿ ಸೀರೆಯೋಳು.”

“ಅಯ್ಯೋ, ಅದು ಯಾರೋ ಗ್ರೂಪಿಗೆ ಹಾಕಿದ್ರು ಕಣವ್ವ. ಹಂಗೇ ಕಳಿಸ್ದೆ. ನಾನೇ ನೋಡಿಲ್ಲ.”

ದುರ್ಗಮ್ಮ ಫೋನು ಕುಕ್ಕಿದಳು. ಹೋಗಿ ತಪ್ಪಾಯ್ತು ಅನ್ನೋಣವೆಂದು ನಾಲ್ಕು ಸಲ ಹೊಸಿಲು ದಾಟಿದಳು, ನಾಲ್ಕು ಸಲವೂ ಗೇಟಿನ ತನಕ ಹೋಗಿ ಒಳಗೆ ಬಂದಳು. ಹೇಳುವುದಾದರೂ ಏನನ್ನು? ನಿಮ್ಮ ಕಜ್ಜಾಯ ನನಗೆ ಭಾರವಾಗಿತ್ತು ಅನ್ನುವುದೇ? ಕಾಶಮ್ಮ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಬರುವಳು, ತಲೆ ಎತ್ತದೆ ರಂಗೋಲಿ ಎಳೆದು ಒಳಗೆ ಹೋಗುವಳು. ದುರ್ಗಮ್ಮನ ಸಂಜೆಯ ಅರ್ಧ ಗಂಟೆ ಈಗ ಎರಡು ಗಂಟೆಯಾಯಿತು. ಏನೂ ಮಾಡದೆ ಸುಮ್ಮನೆ ಕೂರುವುದೆಂದರೆ ಎಷ್ಟು ಕಷ್ಟ ಎಂದು ಆ ಬಿಳಿ ಸೀರೆಯವಳು ಹೇಳಿರಲಿಲ್ಲ. ಮನೆ ಸ್ವಚ್ಛವಾಗಿತ್ತು, ಕಟ್ಟೆ ಖಾಲಿಯಾಗಿತ್ತು, ಬೇಕೆಂದದ್ದೆಲ್ಲ ಆಗಿತ್ತು. ಸಾರು ಮಾತ್ರ ದಿನಾ ಕುಕ್ಕರಿನಲ್ಲೇ ಉಳಿಯುತ್ತಿತ್ತು.

ಒಂಬತ್ತು ದಿನ ಹೀಗೇ ಕಳೆಯಿತು. ಹತ್ತನೇ ದಿನ ಬೆಳಿಗ್ಗೆ ಎದ್ದವಳೇ ರವೆ ಹುರಿದು, ಬುತ್ತಿ ಬೇಗ ಹಳಸದಿರಲೆಂದು ಈರುಳ್ಳಿ ಹಾಕದೆ, ಈರಭದ್ರಪ್ಪನ ಸಕ್ಕರೆ ಕಾಯಿಲೆಗೆ ಆಗುವಂತೆ ಬೀನ್ಸು, ಕ್ಯಾರೆಟ್ಟು ಜಾಸ್ತಿ ಹಾಕಿ ಉಪ್ಪಿಟ್ಟು ಮಾಡಿದಳು. ಗುರುವಾರ ಕೊಡಬೇಕಾಗಿದ್ದ ಬುತ್ತಿ ಅದು. ಡಬ್ಬಿ ತುಂಬಿ, ಮುಚ್ಚಳ ಗುದ್ದಿ, ಬೀದಿ ದಾಟಿ ಬಾಗಿಲು ತಟ್ಟಿದಳು.

ಕಾಶಮ್ಮ ಬಾಗಿಲು ತೆಗೆದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ, ಅಡುಗೆಮನೆಗೆ ಹೋಗಿ ಸೊಪ್ಪು ಸೋಸುತ್ತ ಕೂತಳು. ದುರ್ಗಮ್ಮ ಹಿಂದೆಯೇ ಹೋದಳು.

“ಖಾಲಿ ತಂದಿಲ್ಲ ಕಾಶಕ್ಕ” ಎಂದಳು.

“ನಾನ್ ಕೇಳಿದ್ನಾ?”

“ಹೆಂಗವ್ರೆ ಅಣ್ಣ?”

“ಅವ್ರಿಗೇನಾಗೈತೆ, ಗುಂಡುಕಲ್ಲಿನಂಗವ್ರೆ. ಟೆಸ್ಟಿನಾಗೆ ಏನೂ ಇಲ್ಲ ಅಂದ್ರು.” ಕಾಶಮ್ಮ ಸೊಪ್ಪು ಸೋಸುತ್ತಲೇ ಇದ್ದಳು. “ಟೆಸ್ಟ್ ಆಗೋಗಂಟ ಏನೂ ಕೊಡ್ಬ್ಯಾಡಿ, ಆದ್ಮೇಲೆ ತಡ ಮಾಡ್ದೆ ತಿನ್ಸಿ ಅಂದಿದ್ರು. ಪಕ್ಕದ ಬೆಡ್ಡಿನಾಗೆ ಭದ್ರಾವತಿ ಕಡೆಯೋರು ಯಾರೋ, ಗಂಡ ಹೆಂಡ್ತಿ, ಪಾಪ, ಏನೂ ತಂದಿರ್ಲಿಲ್ಲ. ನಾನೇ ಕರೆದೆ. ನಮ್ ಎದುರು ಮನೆ ದುರ್ಗಮ್ಮ ಕಟ್ಕೊಟ್ಟವ್ಳೆ, ಅವ್ಳ ಕೈರುಚಿ ನೋಡಿ ಅಂದೆ. ನೂರಾರು ಮಕ್ಕಳಿಗೆ ಬಡಿಸಿದ ಕೈ ಅಂದೆ. ಅವ್ರು ತಟ್ಟೆ ಹಿಡ್ಕಂಡು ಬಂದ್ರು. ನಾನು ಮುಚ್ಚಳ ತೆಗೆದೆ.”

ದುರ್ಗಮ್ಮನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು.

“ನನ್ ತಪ್ಪು ಕಾಶಕ್ಕ. ನೀವ್ ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೇಗೆ ಹೋಗ್ಲಿಲ್ಲ. ನಂಗೆ ಸಾಕಾಗ್ಹೋಗಿತ್ತು. ಅಡುಗೆ ಮಾಡಿ ಮಾಡಿ ಭುಜ ಬಿದ್ದೋಗೈತೆ. ಈ ಡಬ್ಬಿ ಬಂದಾಗೆಲ್ಲ ಇನ್ನೇನು ಮಾಡ್ಲಪ್ಪಾ ಅಂತ ಜೀವ ಹೋಗ್ತಿತ್ತು. ನಿಲ್ಲಿಸ್ಬೇಕು ಅಂತಿದ್ದೆ. ನಿಮ್ಮನ್ನಲ್ಲ, ಡಬ್ಬೀನ.”

ಕಾಶಮ್ಮ ಸೊಪ್ಪಿನ ಕಟ್ಟು ಕೆಳಗಿಟ್ಟಳು. “ನಂಗೆ ಸಾಕಾಗಿರ್ಲಿಲ್ಲ ಅಂದ್ಕೊಂಡ್ಯಾ? ಅರವತ್ತಾರಾಯ್ತು ನಂಗೆ. ಕಜ್ಜಾಯದ ಎಣ್ಣೆ ಸಿಡಿದು ಕೈ ನೋಡು ಹೆಂಗಾಗೈತೆ. ಈ ಸಲ ನೀನು ಬಿಡ್ತೀಯೇನೋ, ಮುಂದಿನ ಸಲ ಬಿಡ್ತೀಯೇನೋ ಅಂತ ವರ್ಷಗಟ್ಲೆ ಕಾದಿದೀನಿ.”

“ಮತ್ತೆ ಹೇಳ್ಬಾರ್ದಾಗಿತ್ತಾ?”

“ನಾನು ಹೆಂಗೇ ಹೇಳ್ಲಿ?” ಕಾಶಮ್ಮನ ದನಿ ಮೊದಲ ಸಲ ಜೋರಾಯಿತು. “ನಾನು ನಿಲ್ಲಿಸಿದ್ರೆ ನೀನು ಏನಂದ್ಕತಿದ್ದೆ, ಹೇಳು. ಓಹೋ, ಇವ್ಳೂ ಅವ್ರಂಗೇ, ನಮ್ಮನೇದು ಇವ್ಳಿಗೂ ಬ್ಯಾಡ ಆಯ್ತು ಅಂತಿರ್ಲಿಲ್ವಾ?”

ಇಲ್ಲ ಎಂದರೆ ದುರ್ಗಮ್ಮ ಸುಳ್ಳು ಹೇಳಿದ ಹಾಗಾಗುತ್ತಿತ್ತು. ಹಾಗೇ ಅಂದುಕೊಳ್ಳುತ್ತಿದ್ದಳು. ಖಂಡಿತ ಅಂದುಕೊಳ್ಳುತ್ತಿದ್ದಳು. ಇಪ್ಪತ್ತೆರಡು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಎಣ್ಣೆ ಸುಟ್ಟಿದ್ದರು. ಹೊರಗಿನ ಕೋಣೆಯಿಂದ ಈರಭದ್ರಪ್ಪ ಕೆಮ್ಮುವುದು ಕೇಳಿಸುತ್ತಿತ್ತು.

ಕಾಶಮ್ಮ ಎದ್ದಳು. ಚಮಚದ ಹಿಡಿಯಿಂದ ಮುಚ್ಚಳ ಮೀಟಿ, ಉಪ್ಪಿಟ್ಟನ್ನೆಲ್ಲ ತನ್ನ ಪಾತ್ರೆಗೆ ಸುರಿದುಕೊಂಡಳು. ಒಂದು ಚೂರು ಬಾಯಿಗೆ ಹಾಕಿಕೊಂಡು “ಉಪ್ಪು ಮುಂದಾಗೈತೆ” ಎಂದಳು. ನಲ್ಲಿಯಲ್ಲಿ ಡಬ್ಬಿ ತೊಳೆದಳು, ಸೆರಗಿನಿಂದ ಒಳಗೂ ಹೊರಗೂ ಒರೆಸಿದಳು, ದುರ್ಗಮ್ಮನ ಕೈಗಿಟ್ಟಳು. ಖಾಲಿ.

“ಮುಚ್ಚಳ?” ಎಂದಳು ದುರ್ಗಮ್ಮ.

“ಅದು ಇಲ್ಲಿರ್ಲಿ. ನಾಳೆ ಸಾಯಂಕಾಲ ತಂದ್ಕೊಡ್ತೀನಿ. ನಾಡಿದ್ದು ನೀನು ವಾಪಸ್ ತಗಂಡ್ ಬಾ.” ಕಾಶಮ್ಮ ಮುಚ್ಚಳವನ್ನು ಗೂಡಿನಲ್ಲಿ ಒರಗಿಸಿಟ್ಟಳು. “ಮುಚ್ಚಳದಾಗೆ ಏನೂ ತುಂಬಕ್ಕಾಗಲ್ಲ.”

ದುರ್ಗಮ್ಮ ಬೀದಿ ದಾಟಿ ಬಂದಳು. ಜಗುಲಿಯ ಮೇಲೆ ಮಂಜಪ್ಪ ಕತ್ತು ಉದ್ದ ಮಾಡಿಕೊಂಡು ಕಾದಿದ್ದ. ಡಬ್ಬಿಯೊಳಗೆ ಇಣುಕಿ, “ಏನೂ ಕೊಡ್ಲಿಲ್ವಾ?” ಎಂದ.

“ಇಲ್ಲ.”

“ಮುಚ್ಚಳ ಎಲ್ಲಿ?”

“ನಾಳೆ ಸಾಯಂಕಾಲ ಬತ್ತದೆ. ಕಾಶಕ್ಕನೇ ತತ್ತಾರೆ” ಎಂದು ಅವಳು ಒಳಗೆ ನಡೆದಳು. ಎರಡು ಹೆಜ್ಜೆ ಹೋದವಳು ಬಾಗಿಲಲ್ಲಿ ನಿಂತು, “ಆ ಮೊಪೆಡ್ಡಿನಾಗಿರೋ ಲೋಟ ತಂದು ತೊಳೀರಿ” ಎಂದಳು.